ರೂಬೆನ್ ಹೆಸರಿಗೆ ಬರೆದ ತಪ್ಪು

ವಿಟ್ಲಿ, ನಾರ್ತ್ ಕೆರೊಲಿನಾ
14 ಡಿಸೆಂಬರ್ 2020

ತಂಗಿ ಗೌರಾಬಾಯಿಗೆ,

ನಿನ್ನ ಮೊಣಕಾಲು ಹೇಗಿದೆ? ಶಶಿಕಾಂತನ ಬೆನ್ನುನೋವು ಇಳಿಯಿತೋ, ಇನ್ನೂ ಲ್ಯಾಬಿನ ಸ್ಟೂಲಿನ ಮೇಲೆ ಬಾಗಿಕೊಂಡೇ ಇದ್ದಾನೋ? ನಿನ್ನ ಸೊಸೆ ಶ್ರೀದೇವಿ ದಿನಾ ಆಸ್ಪತ್ರೆಯ ಕೆಲಸಕ್ಕೆ ಹೋಗಿ ಬರುತ್ತಾಳೆಂದು ಪ್ರತಿಭಾ ಹೇಳಿದಳು. ಮೂಗಿನ ಮೇಲೆ ಮಾಸ್ಕಿನ ಗಾಯ ಮಾಯ್ದಿದೆಯೇ? ಮೊಮ್ಮಗಳು ಹರಿಣಿ ಶಾಲೆಯನ್ನು ಹಾಸಿಗೆಯ ಮೇಲೆ ಕೂತೇ ಮುಗಿಸುತ್ತಾಳಂತೆ, ಅವಳ ಕಣ್ಣು ಜೋಪಾನ. ನಾನು ಗಟ್ಟಿಯಾಗಿದ್ದೇನೆ. ಪ್ರತಿಭಾ ಶನಿವಾರಕ್ಕೊಮ್ಮೆ ರಾಲಿಯಿಂದ ಬಂದು, ಸಾಮಾನು ಮೆಟ್ಟಿಲ ಮೇಲಿಟ್ಟು, ಕಾರಿನ ಹತ್ತಿರ ನಿಂತು, ಅಲ್ಲಿಂದಲೇ ಅಪ್ಪನನ್ನು ಬೈದು ಹೋಗುತ್ತಾಳೆ. ಮಗಳು ಡಾಕ್ಟರಾದರೆ ಇಷ್ಟು ಅನುಭವಿಸಬೇಕು.

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ನಾನು ಕೂಗಿದರೆ ಪಕ್ಕದ ಮನೆಯವರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಕಾಗದ.

ಸುದ್ದಿ ಏನೆಂದರೆ ನಮ್ಮ ವಿಟ್ಲಿ ಶಟಲ್ಸ್ ತಂಡ ಸತ್ತಿತು. ದೊಡ್ಡ ಲೀಗಿನವರು ನಲವತ್ತು ಚಿಲ್ಲರೆ ಸಣ್ಣ ಊರಿನ ಬೇಸ್‌ಬಾಲ್ ತಂಡಗಳನ್ನು ಒಂದೇ ದಿನ ಕೈಬಿಟ್ಟರು. ನಾವು ಅವರಿಗೆ ಸಸಿಮಡಿ ಇದ್ದ ಹಾಗೆ. ಹದಿನೆಂಟರ ಹುಡುಗರನ್ನು ತಂದು ನಮ್ಮಲ್ಲಿ ನೆಡುತ್ತಿದ್ದರು, ಬೆಳೆದ ಮೇಲೆ ಕಿತ್ತುಕೊಂಡು ಹೋಗುತ್ತಿದ್ದರು. ಈಗ ಮಡಿಯೇ ಬೇಡವಂತೆ. ಸುದ್ದಿ ಕೊಟ್ಟ ಮಹನೀಯ ಕಂಪ್ಯೂಟರಿನ ಮೇಲೆ ಬಂದು, ಮುಖ ತೋರಿಸದೆ ಬರೀ ಹೆಸರು ತೋರಿಸಿ, ನಾಲ್ಕು ನಿಮಿಷ ಓದಿ ಹೋದ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಒಂದು ಹಳೇ ಮಗ್ಗ ತೆಗೆಯುವಾಗ ಕೂಡ ಮೇಸ್ತ್ರಿ ಜಾಬರ್ ಬಂದು ಅದರ ಮೇಲೆ ಕೈಯಿಟ್ಟು ಹೋಗುತ್ತಿದ್ದ.

ಶಟಲ್ ಅಂದರೆ ಲಾಳಿ, ನಿನಗೆ ಗೊತ್ತಿದೆ. ಇಲ್ಲಿಯ ಗಿರಣಿಯ ನೇಕಾರರು 1921ರಲ್ಲಿ ಕಟ್ಟಿಕೊಂಡ ತಂಡ ಇದು. ಮೊದಲನೆಯ ಅಂಗಿಗಳನ್ನು ಗಿರಣಿ ಬೇಡವೆಂದ ಕೊರೆ ಬಟ್ಟೆಯಲ್ಲಿ ಹೊಲಿದಿದ್ದರು, ಒಬ್ಬನ ತೋಳು ಇನ್ನೊಬ್ಬನ ತೋಳಿಗಿಂತ ಬೇರೆ ಬಣ್ಣ. ನಾನು ಮಗ್ಗ ರಿಪೇರಿಗೆಂದು ಬಂದದ್ದು 1976ರಲ್ಲಿ. ಗಿರಣಿ ಮುಚ್ಚಿತು, ತಂಡ ಉಳಿದಿತ್ತು. ಮೂವತ್ತೆರಡು ಸೀಸನ್ ನಾನು ಅದರ ಅಧಿಕೃತ ಸ್ಕೋರರ್. ಯಾರು ಹೊಡೆದ, ಯಾರು ಹಿಡಿದ, ಯಾರು ಬಿಟ್ಟ ಎಂದು ನಾನು ಬರೆದದ್ದೇ ಬರೆದದ್ದು. ಮೂವತ್ತೆರಡು ಪುಸ್ತಕ ನನ್ನ ಕಪಾಟಿನಲ್ಲಿವೆ.

ಈ ತಂಡದ ಚರಿತ್ರೆ ಬರೆಯಬೇಕೆಂದು ಹೊರಟಿದ್ದೇನೆ. ಏಳನೆಯ ಇಯತ್ತೆ ಓದಿದವನು ಏನು ಬರೆದಾನು ಎಂದು ನಗಬೇಡ. ಓದಿದವರು ಬರೆದರೆ ಏನಾಗುತ್ತದೆಂದು ನಾಲ್ಕು ನಿಮಿಷ ನೋಡಿದ್ದೇನೆ.

ನಿನ್ನ ಅಣ್ಣ
ಗುರುಶಾಂತಪ್ಪ


ಜರ್ಮನ್‌ಟೌನ್, ಮೇರಿಲ್ಯಾಂಡ್
9 ಜನವರಿ 2021

ಅಣ್ಣಗೆ ಗೌರಾಳ ಶರಣು.

ನಾವೆಲ್ಲ ಆರಾಮ. ಮೊಣಕಾಲು ಇದ್ದಲ್ಲೇ ಇದೆ. ಶಶಿಯ ಬೆನ್ನಿಗೆ ಶ್ರೀದೇವಿ ಹರಳೆಣ್ಣೆ ತಿಕ್ಕಿದರೆ ಲ್ಯಾಬಿಗೆ ವಾಸನೆ ಬರುತ್ತದೆ ಅನ್ನುತ್ತಾನೆ. ಹರಿಣಿಗೆ ನಿನ್ನ ಕಾಗದ ತೋರಿಸಿದೆ. “ಅಜ್ಜಾ ಹ್ಯಾಂಡ್‌ರೈಟಿಂಗ್ ಸೋ ನೀಟ್, ಬಟ್ ನನಗೆ ಓದೋಕೆ ಬರಲ್ಲ” ಅಂದಳು. ಹದಿನೇಳು ವರ್ಷಕ್ಕೆ ಇಷ್ಟು ಕನ್ನಡ. ಇದರ ಚರಿತ್ರೆಯನ್ನೂ ಬರೆ.

ನಿನ್ನ ತಂಡ ಹೋದದ್ದಕ್ಕೆ ನನಗೆ ಅಳು ಬರಲಿಲ್ಲ. ಒಬ್ಬ ಎಸೆಯುವುದು, ಒಬ್ಬ ಬೀಸುವುದು, ಉಳಿದವರು ಉಗುಳುತ್ತ ನಿಲ್ಲುವುದು. ನಾನು ಬಂದಾಗೆಲ್ಲ ಆ ಬಿಸಿಲಿನಲ್ಲಿ ಕೂರಿಸಿ, ನೀನು ಮೇಲಿನ ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದೆ. ಶಶಿಗೆ ಹೇಳಿದೆ, ನಿಮ್ಮ ಮಾಮಾ ಪುಸ್ತಕ ಬರೆಯುತ್ತಾನಂತೆ ಎಂದು. “ಮೈನರ್ ಲೀಗ್ ತಂಡಕ್ಕ ಮೈನರ್ ಲೀಗ್ ಲೇಖಕ” ಅಂದ. ನನಗೆ ನಗು ಬಂತು, ಆಮೇಲೆ ಅವನನ್ನು ಬೈದೆ. ಈ ಕ್ರಮದಲ್ಲಿ ಆಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಬರೆಯುವುದೇ ಆದರೆ ಒಂದು ಮಾತು. ಟೇಟ್ ಸಾಹೇಬರ ಹೆಸರು ದೊಡ್ಡದಾಗಿ ಬರೆ. ಗಿರಣಿಯ ಒಡೆಯ, ತಂಡದ ಒಡೆಯ, ನಮ್ಮ ಜಾತಿಯಲ್ಲ ಕುಲವಲ್ಲ. ಮದ್ರಾಸಿನಲ್ಲಿ ಶಶಿಗೆ ಎರಡು ಸಲ ವೀಸಾ ಇಲ್ಲವೆಂದರು. ಈ ಹುಡುಗನ ಓದಿಗೆ ನಾನು ಜವಾಬ್ದಾರ ಎಂದು ಸಾಹೇಬರು ಸಹಿ ಹಾಕಿದ ಮೇಲೆ ಮೂರನೆಯ ಸಲ ಕೊಟ್ಟರು. ಏನೂ ಕೇಳದೆ ಕೊಟ್ಟ ಸಹಿ. ಅದರ ಜೆರಾಕ್ಸು ಇವತ್ತಿಗೂ ನನ್ನ ಲಿಂಗಪೂಜೆಯ ಪೆಟ್ಟಿಗೆಯಲ್ಲಿದೆ, ದಿನಾ ವಿಭೂತಿ ಹಚ್ಚುತ್ತೇನೆ. ಅಂಥವರು ಇದ್ದ ತಂಡ ಎಂದಾದರೂ ನಾಲ್ಕು ಜನ ಓದಲಿ.

ಗೌರಾ


ವಿಟ್ಲಿ
6 ಮಾರ್ಚ್ 2021

ಗೌರಾ,

ಎಲ್ಲರೂ ಕ್ಷೇಮವೆಂದು ತಿಳಿದು ನೆಮ್ಮದಿ. ನನಗೆ ಲಸಿಕೆಯ ಎರಡನೆಯ ಸೂಜಿಯೂ ಆಯಿತು. ಪ್ರತಿಭಾ ಒಳಗೆ ಬಂದು ಕೂತು ಚಹಾ ಕುಡಿದಳು, ಒಂದು ವರ್ಷದ ಮೇಲೆ. ಕೂತ ಕೂಡಲೇ ಅಡುಗೆಮನೆ ಗಲೀಜಿದೆ ಅಂದಳು.

ನಿನಗೆ ನಗಬೇಕಾದರೆ ಕೇಳು. ನಮ್ಮ ಮೈದಾನಕ್ಕೆ ಹೊಸ ತಂಡ ಬರುತ್ತದೆ. ಬೇಸಿಗೆ ರಜೆಯ ಕಾಲೇಜು ಹುಡುಗರದು. ಹೆಸರು ವಿಟ್ಲಿ ಗ್ರಿಟ್ಸ್. ಗ್ರಿಟ್ಸ್ ಅಂದರೆ ಇಲ್ಲಿಯವರು ಬೆಳಿಗ್ಗೆ ತಿನ್ನುವ ಗೋವಿನಜೋಳದ ನುಚ್ಚು. ನೂರು ವರ್ಷ ಲಾಳಿ ಎಂದು ಕರೆಸಿಕೊಂಡ ಮೈದಾನ ಇನ್ನು ಮೇಲೆ ನುಚ್ಚು. ಒಬ್ಬನಿಗೆ ಗಡಿಗೆಯ ವೇಷ ಹಾಕಿ ಕುಣಿಸುತ್ತಾರಂತೆ.

ಇದನ್ನೆಲ್ಲ ಯೋಚಿಸಿ ಕೊಟ್ಟವನು ನಮ್ಮವನೇ. ಧೀರಜ್ ಎಂದು ಬೆಂಗಳೂರಿನ ಹುಡುಗ, ವಾಷಿಂಗ್ಟನ್ನಿನಲ್ಲಿ ಒಂದು ಬ್ರ್ಯಾಂಡಿಂಗ್ ಕಂಪನಿ. ಶಟಲ್ಸಿನ ಚರಿತ್ರೆಯನ್ನು ಮೈದಾನದ ಗೋಡೆಯ ಮೇಲೆ ಹಾಕುವ ಕೆಲಸ ಅವನಿಗೆ ಕೊಟ್ಟಿದ್ದಾರೆ. ನನ್ನ ಹೆಸರು ನೋಡಿ ಹಿಗ್ಗಿ ಮನೆಗೇ ಬಂದ. ಬೂಟು ಬಾಗಿಲಲ್ಲಿ ಬಿಟ್ಟ, ಅಷ್ಟು ಸಂಸ್ಕಾರ ಉಳಿದಿದೆ. ನಾನು ಬರೆದ ಅರವತ್ತು ಪುಟ ಕೊಟ್ಟೆ. ಫೋನಿನ ಮೇಲೆ ಹೆಬ್ಬೆರಳು ಆಡಿಸುತ್ತಲೇ ನೋಡಿ, “ಅಂಕಲ್, ಸೂಪರ್ ಕಂಟೆಂಟ್. ಆದ್ರೆ ಪೀಪಲ್ ಇಷ್ಟೆಲ್ಲ ಓದಲ್ಲ. ಸೆವೆನ್ ಪಾಯಿಂಟ್ಸ್ ಮಾಡಿ ಕೊಡ್ತೀರಾ?” ಅಂದ. ನೂರು ವರ್ಷಕ್ಕೆ ಏಳು ಸಾಲು. ದೋಸೆಯ ಹೋಟೆಲಿನ ಬೋರ್ಡಿನಲ್ಲಿ ಇದಕ್ಕಿಂತ ಹೆಚ್ಚು ಇರುತ್ತದೆ.

ಇನ್ನೂ ಕೇಳು. ಹತ್ತಿ ಬಿಚ್ಚುವ ಖಾತೆಯ ಕಪ್ಪು ಕೆಲಸಗಾರರಿಗೆ ಬೇರೆ ತಂಡವಿತ್ತು. ಬಾಯ್ಲರ್ ಮನೆಯ ಹಿಂದಿನ ಬೂದಿ ಗುಡ್ಡೆಯ ಹತ್ತಿರ ಆಡುತ್ತಿದ್ದರು. ಒಂದು ಸಲ ಮುಖ್ಯ ತಂಡವನ್ನು ಹನ್ನೆರಡು ರನ್ನುಗಳಿಂದ ಹೊಡೆದರು, ಆಮೇಲೆ ಮುಖ್ಯ ತಂಡದವರು ಅವರೊಂದಿಗೆ ಆಡುವುದನ್ನೇ ನಿಲ್ಲಿಸಿದರು. ಇದನ್ನು ನನಗೆ ಹೇಳಿದ ಮುದುಕ ಆ ತಂಡದಲ್ಲಿ ಬಾಲು ಎಸೆಯುತ್ತಿದ್ದ ಪಿಚರ್. ನಾನು ಎರಡು ಪುಟ ಬರೆದಿದ್ದೆ. ಧೀರಜ್ ಸ್ವಲ್ಪ ಸೆನ್ಸಿಟಿವ್ ಅಂಕಲ್ ಎಂದು ಪಕ್ಕಕ್ಕಿಟ್ಟ. ಗಡಿಗೆ ಕುಣಿಸುವುದರಲ್ಲಿ ಅವನಿಗೆ ಯಾವ ಸೂಕ್ಷ್ಮವೂ ಅಡ್ಡ ಬರಲಿಲ್ಲ.

ಗೋಡೆಯ ತುಂಬ ಬರುವುದು ಒಂದೇ ಚಿತ್ರ. 1996ರ ಜೂನ್‌ನಲ್ಲಿ ವಾರ್ಡೆಲ್ ಎಂಬ ನಮ್ಮ ಪಿಚರ್ ಆಡಿದ ಆಟ. ಎದುರಾಳಿಗಳಿಗೆ ಒಂಬತ್ತು ಇನಿಂಗ್ಸಿನಲ್ಲಿ ಒಂದೂ ಹಿಟ್ ಕೊಡಲಿಲ್ಲ. ನೋ-ಹಿಟ್ಟರ್ ಅನ್ನುತ್ತಾರೆ. ತಂಡದ ನೂರು ವರ್ಷದಲ್ಲಿ ಅದೊಂದೇ. ಆ ವಾರ್ಡೆಲ್ ಈಗ ಕಾರು ಮಾರುತ್ತಾನೆ, ನುಚ್ಚಿನಲ್ಲಿ ಪಾಲುದಾರ.

ಪುಸ್ತಕಗಳನ್ನು ಧೀರಜ್ ಒಂದು ಯಂತ್ರದ ಕೆಳಗಿಟ್ಟು ಫೋಟೋ ತೆಗೆದ. ಆ ಆಟದ ಪುಟದಲ್ಲಿ ಏನೋ ಕೆರೆದ ಗುರುತು ಇದೆ ಅಂದ. ಕಾಗದ ಹಳೆಯದು ಅಂದೆ.

ಟೇಟ್ ಸಾಹೇಬರ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಗುರುಶಾಂತಪ್ಪ


ಜರ್ಮನ್‌ಟೌನ್
2 ಏಪ್ರಿಲ್ 2021

ಅಣ್ಣಾ,

ನುಚ್ಚಿನ ವಿಷಯ ಓದಿ ಶ್ರೀದೇವಿ ಎಷ್ಟು ನಕ್ಕಳೆಂದರೆ ರೊಟ್ಟಿ ಹೊತ್ತಿತು.

ನಾನು ಕೇಳಿದ್ದು ಒಂದು, ನೀನು ಬರೆದದ್ದು ನಾಲ್ಕು ಪುಟ ಬೇರೆ. ಗಡಿಗೆಗೆ ಒಂದು ಪ್ಯಾರಾ, ಬೂದಿ ಗುಡ್ಡೆಗೆ ಒಂದು ಪ್ಯಾರಾ, ಟೇಟ್ ಸಾಹೇಬರಿಗೆ ಒಂದು ಸಾಲು. ಉಪಕಾರ ಮಾಡಿದವರ ಹೆಸರು ಹೇಳಲು ನಿನಗೆ ಯಾವಾಗಲೂ ಕಷ್ಟ. ಚಿಕ್ಕಂದಿನಲ್ಲೂ ಹಾಗೇ ಇದ್ದೆ, ಯಾರಾದರೂ ಪೇಪರ್‌ಮಿಂಟು ಕೊಟ್ಟರೆ ಓಡಿಹೋಗಿ ಗೋಡೆಯ ಹಿಂದೆ ತಿನ್ನುತ್ತಿದ್ದೆ.

ನೀನು ಬರೆಯದಿದ್ದರೆ ಬಿಡು. ಶಶಿ ಆ ಧೀರಜ್‌ಗೆ ಫೋನ್ ಮಾಡಿ ಮೈದಾನದಲ್ಲಿ ಸಾಹೇಬರ ಹೆಸರಿನ ಒಂದು ಕಲ್ಲು ಬೆಂಚು ಹಾಕಿಸುತ್ತಿದ್ದಾನೆ. “ಮಾಮಾ ಗೀಟು ಹಾಕ್ಕೋತ ಜೀವನ ತಗದ. ನನಗ ದಾರಿ ಮಾಡಿಕೊಟ್ಟವರು ಟೇಟ್” ಅಂದ. ಸಿಟ್ಟಿನಿಂದ ಅಂದದ್ದಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಅಂದ. ಅದಕ್ಕೇ ನಾನೂ ಬೈಯಲಿಲ್ಲ.

ಇಲ್ಲಿ ಬೇರೇನೂ ವಿಶೇಷವಿಲ್ಲ.

ಗೌರಾ


ವಿಟ್ಲಿ
15 ಜೂನ್ 2021

ಗೌರಾ,

ಈ ಪತ್ರವನ್ನು ನೀನೊಬ್ಬಳೇ ಓದು. ಶಶಿಕಾಂತನಿಗೆ ತೋರಿಸಬೇಡ.

ಮೊನ್ನೆ ಶನಿವಾರ ನುಚ್ಚಿನ ಮೊದಲ ಆಟ. ಗಡಿಗೆ ಕುಣಿಯಿತು. ಗೋಡೆಯ ಮೇಲಿನ ವಾರ್ಡೆಲ್ ಮೂರು ಆಳು ಎತ್ತರ, ನಿಜವಾದ ವಾರ್ಡೆಲ್ ಅದರ ಕೆಳಗೆ ನಿಂತು ಜನರ ಕೈ ಕುಲುಕುತ್ತಿದ್ದ, ಹೊಟ್ಟೆ ಬಂದಿದೆ. ಧೀರಜ್ ಹಳೆಯ ಆಟಗಾರರನ್ನೆಲ್ಲ ಕರೆಸಿದ್ದ. ಅವರಲ್ಲಿ ರೂಬೆನ್ ಪಾಸ್ ಇದ್ದ.

ರೂಬೆನ್ 1996ರ ಆ ಆಟದಲ್ಲಿ ಮೂರನೆಯ ಬೇಸಿನಲ್ಲಿ ನಿಂತಿದ್ದ ಹುಡುಗ. ಈಗ ನಲವತ್ತೆಂಟು. ಅಟ್ಲಾಂಟಾದಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ. ನನ್ನನ್ನು ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತ. ಅವನು ಆಡಿದ್ದು ಇಂಗ್ಲಿಷು, ನಿನಗೆ ಹೇಳುವಾಗ ನಮ್ಮೂರ ಮಾತಾಗಿಯೇ ಬರುತ್ತದೆ.

“ಮಿಸ್ಟರ್ ಗುರು, ಬೋರ್ಡಿನ ಮ್ಯಾಲೆ ಮೊದಲಿಗೆ ಹಿಟ್ ಅಂತ ಬಂದಿತ್ತು, ನಾ ನೋಡಿದ್ದೆ. ಆಮ್ಯಾಲೆ ನೀವು ಅದನ್ನ ನನ್ನ ತಪ್ಪು ಅಂತ ಬದಲಿಸಿದ್ರಿ. ಅವತ್ತ ರಾತ್ರಿ ಭಾಳ ಸಿಟ್ಟು ಬಂದಿತ್ತು. ಆದ್ರ ನೀವು ಯಾರಿಗೂ ಬಗ್ಗೋ ಮನುಷ್ಯಾ ಅಲ್ಲ ಅಂತ ಇಡೀ ಲೀಗಿಗೆ ಗೊತ್ತಿತ್ತು. ನೀವು ಬದಲಿಸಿದ್ರಿ ಅಂದಮ್ಯಾಲೆ ತಪ್ಪು ನಂದ.”

ಆ ಆಟವಾಗಿ ಆರು ದಿನಕ್ಕೆ ತಂಡ ಅವನನ್ನು ಕೈಬಿಟ್ಟಿತ್ತು. ಸೌತ್ ಕೆರೊಲಿನಾದ ಇನ್ನೊಂದು ತಂಡದವರು ಬಾ ಎಂದು ಕರೆದರಂತೆ. ಹೋಗಲಿಲ್ಲ. ಅಷ್ಟು ಸಲೀಸಾದ ಬಾಲು ಕೈಗೆ ಸಿಗಲಿಲ್ಲವೆಂದರೆ ಕೈ ಸತ್ತಿದೆ ಎಂದುಕೊಂಡನಂತೆ. ಇಪ್ಪತ್ಮೂರು ವರ್ಷದವನು. ಇದನ್ನೆಲ್ಲ ನಗುತ್ತ ಹೇಳಿದ, ಜೊತೆಗೆ ಬಂದ ಮಗಳನ್ನು ಪರಿಚಯಿಸಿದ. “ನಾನು ಹೇಳ್ತಿದ್ದೆನಲ್ಲ, ಆ ಪ್ರಾಮಾಣಿಕ ಮನುಷ್ಯಾ, ಇವರ” ಅಂದ. ಆ ಹುಡುಗಿ ನನಗೆ ಕೈಕೊಟ್ಟಳು. ನಾನು ಕುಲುಕಿದೆ.

ಅದು ಹಿಟ್ ಆಗಿತ್ತು ಗೌರಾ.

ನಿನಗೆ ಆಟ ತಿಳಿಯದು, ಇಷ್ಟು ತಿಳಿದುಕೋ. ಹೊಡೆದ ಬಾಲನ್ನು ಹಿಡಿಯುವವನು ಹಿಡಿಯಬಹುದಾಗಿದ್ದೂ ಬಿಟ್ಟರೆ ಅವನ ತಪ್ಪು. ಯಾರಿಂದಲೂ ಹಿಡಿಯಲು ಆಗದಂಥದಾದರೆ ಹೊಡೆದವನ ಹಿಟ್. ಯಾವುದು ಯಾವುದೆಂದು ಹೇಳುವುದು ಸ್ಕೋರರ್, ಅವನೊಬ್ಬನೇ. ಒಂಬತ್ತನೆಯ ಇನಿಂಗ್ಸ್, ಭಾನುವಾರದ ಬಿಸಿಲು, ಅಲ್ಲಿಯವರೆಗೆ ಒಂದೂ ಹಿಟ್ ಇಲ್ಲ. ಗೆರೆಗುಂಟ ಬಂದ ಬಾಲು ಹುಲ್ಲು ಮಣ್ಣು ಕೂಡುವ ಅಂಚಿಗೆ ಬಡಿದು ಹಾವು ಎದ್ದ ಹಾಗೆ ಎದ್ದಿತು. ರೂಬೆನ್ ಅಡ್ಡ ಬಿದ್ದ, ಮಣಿಕಟ್ಟಿಗೆ ಬಡಿದು ಹೋಯಿತು. ಅದನ್ನು ಮುಟ್ಟಿದ್ದೇ ದೊಡ್ಡದು. ನಾನು ಹಿಟ್ ಅಂದೆ. ಬೋರ್ಡಿನ ಮೇಲೆ ದೀಪ ಹತ್ತಿತು. ಎರಡು ಸಾವಿರ ಜನ ತಿರುಗಿ ನನ್ನ ಗಾಜಿನ ಕೋಣೆಯನ್ನು ನೋಡಿ ಕೂಗಿದರು. ಅದಕ್ಕೆ ನಾನು ಹೆದರಲಿಲ್ಲ, ನನಗೆ ಅದು ರೂಢಿ.

ಟೇಟ್ ಮೆಟ್ಟಿಲು ಹತ್ತಿ ಮೇಲೆ ಬಂದ. ಬಾಗಿಲಲ್ಲೇ ನಿಂತು ಹೇಳಿದ: “ಗುರು, ಆ ಹುಡುಗ ಬಾಲು ಬಿಟ್ಟಿದ್ದು ನಾ ನೋಡೀನಿ. ಮತ್ತ, ನಿನ್ನ ತಂಗಿ ಮಗನ ಕಾಗದ ನನ್ನ ಮೇಜಿನ ಮ್ಯಾಲೆ ಐತಿ, ಮರ್ತಿಲ್ಲ.”

ಎರಡು ಮಾತಿನ ನಡುವೆ ಉಸಿರು ಕೂಡ ಎಳೆಯಲಿಲ್ಲ. ಕೆಳಗೆ ಹೋದ. ಆ ಕಾಗದ ಎರಡು ವಾರದಿಂದ ಆ ಮೇಜಿನ ಮೇಲಿತ್ತು. ಸ್ಕೋರರ್ ತನ್ನ ತೀರ್ಪನ್ನು ಒಂದು ದಿನದೊಳಗೆ ಬದಲಿಸಬಹುದೆಂದು ನಿಯಮವಿದೆ. ನನಗೆ ಹತ್ತು ನಿಮಿಷ ಸಾಕಾಯಿತು. ನಾನು ಪುಸ್ತಕವನ್ನು ಪೆನ್ನಿನಲ್ಲೇ ಬರೆಯುತ್ತಿದ್ದೆ, ಪೆನ್ಸಿಲು ಹಿಡಿಯುವವರನ್ನು ಕಂಡರೆ ನನಗೆ ತಾತ್ಸಾರ. ಆ ದಿನ ದಾರ ಕತ್ತರಿಸುವ ಬ್ಲೇಡು ತೆಗೆದು ಹಿಟ್‌ನ ಶಾಯಿಯನ್ನು ಕೆರೆದು, ಅಲ್ಲಿ ರೂಬೆನ್‌ನ ತಪ್ಪೆಂದು ಒಂದು ಅಕ್ಷರ ಬರೆದೆ. ಸೋಮವಾರ ಬೆಳಿಗ್ಗೆ ಸಹಿಯಾದ ಕಾಗದ ನನ್ನ ಮಗ್ಗದ ಮೇಲಿತ್ತು.

ಏನೂ ಕೇಳದೆ ಕೊಟ್ಟ ಸಹಿ ಎಂದು ಬರೆದಿದ್ದೆಯಲ್ಲ. ಹೌದು, ಅವನು ಏನೂ ಕೇಳಲಿಲ್ಲ. ಕೇಳುವ ಮುಂಚೆ ಕೊಡುವಂಥವನು ನಾನೇ ಇದ್ದೆ.

ದೊಡ್ಡ ಲೀಗಿನವರನ್ನೂ ಗಡಿಗೆಯನ್ನೂ ಧೀರಜ್‌ನನ್ನೂ ಇಷ್ಟು ದಿನ ಹೀನಾಯ ಮಾಡಿ ಬರೆದೆ. ಅವರು ಚರಿತ್ರೆಯನ್ನು ಏಳು ಸಾಲು ಮಾಡಿದರು. ನಾನು ಒಂದು ಅಕ್ಷರದಲ್ಲಿ ಮುಗಿಸಿದ್ದೆ. ರೂಬೆನ್‌ಗೆ ಹೇಳಬೇಕೆಂದು ಅಲ್ಲೇ ಬಾಯಿ ತೆರೆದೆ, ಗಡಿಗೆ ಬಂದು ಫೋಟೋಕ್ಕೆ ನಿಂತಿತು. ಗಡಿಗೆಯ ಮೇಲೆ ಹಾಕುವುದೂ ಸುಳ್ಳು. ಹೇಳಲಾಗಲಿಲ್ಲ.

ಗುರುಶಾಂತಪ್ಪ


ವಿಟ್ಲಿ
10 ಆಗಸ್ಟ್ 2021

ಗೌರಾ,

ಜೂನ್‌ನಲ್ಲಿ ಬರೆದ ಪತ್ರ ಮುಟ್ಟಿತೇ? ಅಂಚೆಯವರು ಕಳೆದಿದ್ದರೂ ಕಳೆದಿರಬಹುದು, ಈಗೀಗ ಅವರ ಕೆಲಸವೂ ಅಷ್ಟಕ್ಕಷ್ಟೇ. ಪ್ರತಿಭಾ ಫೋನ್ ಮಾಡಿದರೆ ಶ್ರೀದೇವಿ ಎಲ್ಲ ಸರಿ ಅನ್ನುತ್ತಾಳಂತೆ, ಮಾತು ಬೆಳೆಸುವುದಿಲ್ಲವಂತೆ. ಎಲ್ಲರೂ ಆರೋಗ್ಯವೋ ಇಲ್ಲವೋ, ಅದೊಂದು ಸಾಲಾದರೂ ಬರೆ.

ಅಣ್ಣ


ಜರ್ಮನ್‌ಟೌನ್
19 ಸೆಪ್ಟೆಂಬರ್ 2021

ಅಣ್ಣಾ,

ಅಂಚೆಯವರನ್ನು ಬೈಯಬೇಡ. ಪತ್ರ ಜೂನ್ 21ಕ್ಕೇ ಬಂತು.

ಜೂನ್ 16ಕ್ಕೆ ನನ್ನ ಎಡಗಣ್ಣಿನ ಪೊರೆ ತೆಗೆದಿದ್ದರು, ಬಲಗಣ್ಣಿಗೆ ಮೊದಲೇ ಕಾಣುತ್ತಿರಲಿಲ್ಲ. ನಿನಗೆ ಹೇಳಿದರೆ ಬಸ್ಸು ಹತ್ತಿ ಬಂದುಬಿಡುತ್ತೀ ಎಂದು ಮುಚ್ಚಿಟ್ಟೆ. ಕಣ್ಣಿಗೆ ಪಟ್ಟಿ, ಹಾಗಾಗಿ ಪತ್ರ ಓದಿದ್ದು ಶಶಿ. ನನಗೆ ಕೇಳಬೇಕೆಂದರೆ ಅವನು ಕೂಗಬೇಕು. ಊಟದ ಮೇಜಿನ ಹತ್ತಿರ ನಿಂತು ಕೂಗಿದ: “ಈ ಪತ್ರವನ್ನು ನೀನೊಬ್ಬಳೇ ಓದು. ಶಶಿಕಾಂತನಿಗೆ ತೋರಿಸಬೇಡ.”

ಶ್ರೀದೇವಿ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. ಹರಿಣಿ ಮೆಟ್ಟಿಲ ಮೇಲೆ ಕೂತಳು. ನಾನು ನಕ್ಕು, ಓದು, ನಿಮ್ಮ ಮಾಮಾ ಗಡಿಗೆಯ ಮೇಲೆ ಸಿಟ್ಟಾಗಿದ್ದಾನೆ ಅಂದೆ.

ಅವನು ಓದಿದ. ಎಲ್ಲೂ ನಿಲ್ಲಲಿಲ್ಲ, ದನಿಯನ್ನೂ ಇಳಿಸಲಿಲ್ಲ. ನಿನ್ನ ತಂಗಿ ಮಗನ ಕಾಗದ ಎಂಬಲ್ಲಿಯೂ ಅಷ್ಟೇ ಜೋರು. ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಕನ್ನಡ ಬಾರದಿರುವುದು ನಮ್ಮ ಪುಣ್ಯ. ಮುಗಿದ ಮೇಲೆ ಮಡಿಚಿ ನನ್ನ ಕೈಗಿಟ್ಟ. “ನನಗ ಮಾರ್ಕ್ಸ್ ಇದ್ವು. ಅದಕ್ಕ ವೀಸಾ ಸಿಕ್ತು” ಅಂದ. ಎರಡು ಸಲ ಇಲ್ಲವೆಂದಾಗಲೂ ಅವೇ ಮಾರ್ಕ್ಸು ಇದ್ದವು, ಯಾರೂ ಅದನ್ನು ಹೇಳಲಿಲ್ಲ. ಹರಿಣಿ ಮೆಟ್ಟಿಲ ಮೇಲಿಂದ ಕೇಳಿದಳು: “ಡ್ಯಾಡಿ, ಸೋ ಆ ಅಂಕಲ್ ಆಟ ಬಿಟ್ರು, ನೀನು ಇಲ್ಲಿ ಬಂದೆ?”

ಓದಲು ಬಾರದ ಮಗುವಿಗೆ ಅಷ್ಟು ಕನ್ನಡ ಅರ್ಥವಾಯಿತು.

ಆ ದಿನದಿಂದ ಶಶಿ ಲ್ಯಾಬಿನಲ್ಲೇ ಊಟ ಮಾಡಿ ಬರುತ್ತಾನೆ. ಬೆಂಚು ತಯಾರಾಗಿದೆಯಂತೆ, ಹೆಸರಿನ ಪಟ್ಟಿ ಬೇಡವೆಂದು ಹೇಳಿದನಂತೆ. ನನ್ನ ಹತ್ತಿರ ಅಲ್ಲ, ಶ್ರೀದೇವಿಯ ಹತ್ತಿರ ಹೇಳಿದ್ದು.

ಇನ್ನು ನನ್ನ ಮಾತು. ಇಪ್ಪತ್ತೈದು ವರ್ಷ ಆ ಕಾಗದಕ್ಕೆ ವಿಭೂತಿ ಹಚ್ಚಿದೆ. ನೀನು ಇಲ್ಲಿಗೆ ಬಂದಾಗೆಲ್ಲ ಎದುರಿಗೇ ಕೂತು ನೋಡಿದೆ. ನನ್ನನ್ನು ಮರುಳು ಮಾಡಿ ಕೂರಿಸಿದೆ. ಆವಾಗಲೇ ನನಗೆ ಹೇಳಿದ್ದರೆ ಬೇಡ ಅನ್ನುತ್ತಿದ್ದೆನೋ, ಕೆರೆದುಬಿಡು ಅನ್ನುತ್ತಿದ್ದೆನೋ, ಮೂರು ತಿಂಗಳಿಂದ ಯೋಚಿಸಿದರೂ ನನಗೇ ಗೊತ್ತಾಗುತ್ತಿಲ್ಲ. ನಿನ್ನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ಇದರದ್ದು.

ಆದರೆ ಒಂದು ನನಗೆ ಚೆನ್ನಾಗಿ ಗೊತ್ತು. ಇದನ್ನು ನೀನು ಬರೆಯಬೇಕಾದದ್ದು ನನಗಲ್ಲ. ತಂಗಿ ಬೈದರೂ ತಂಗಿಯಾಗಿಯೇ ಇರುತ್ತಾಳೆ ಎಂದು ಇಲ್ಲಿಗೆ ಬರೆದೆ. ಬಸ್ಸು ಓಡಿಸುವವನು ಇನ್ನೂ ತನ್ನ ಕೈಯೇ ಸತ್ತಿತ್ತು ಎಂದುಕೊಂಡು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾನೆ. ಅವನ ಮಗಳ ಕೈ ಕುಲುಕಿದೆನೆಂದು ಬರೆದೆಯಲ್ಲ, ಅದನ್ನು ಶಶಿ ಕೂಗಿ ಓದಿದಾಗ ನಾನು ನನ್ನ ಕೈ ಸೆರಗಿನಲ್ಲಿ ಮುಚ್ಚಿಕೊಂಡೆ.

ಅವನಿಗೆ ಹೇಳುವವರೆಗೆ ನನಗೆ ಬರೆಯಬೇಡ.

ಗೌರಾ


ವಿಟ್ಲಿ
1 ನವೆಂಬರ್ 2021

ಗೌರಾ,

ಹೇಳಿ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಎರಡನೆಯ ಕಣ್ಣಿಗೂ ಆಯಿತೆಂದು ಪ್ರತಿಭಾ ಹೇಳಿದಳು. ಇದನ್ನು ನೀನೇ ಓದುತ್ತಿದ್ದೀ ಎಂದುಕೊಳ್ಳುತ್ತೇನೆ. ಬೇರೆಯವರು ಕೂಗಿ ಓದಿದರೂ ಇನ್ನು ಅಡ್ಡಿಯಿಲ್ಲ.

ಮೊದಲು ಧೀರಜ್‌ನ ಹತ್ತಿರ ಹೋದೆ. ಗೋಡೆಯನ್ನು ತಿದ್ದು ಅಂದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. “ಅಂಕಲ್, ಸ್ಕ್ಯಾನ್ ಮಾಡಿದ ದಿನಾನೇ ನನಗೆ ಗೊತ್ತಾಯ್ತು. ಕೆಳಗಡೆ ಇಂಕ್ ಕಾಣುತ್ತೆ. ನೀವೇ ಹೇಳ್ತೀರಾ ಅಂತ ಸುಮ್ನಿದ್ದೆ” ಅಂದ. ಅವನ ಹೆಬ್ಬೆರಳನ್ನು ನಾನು ಎಷ್ಟು ಆಡಿಕೊಂಡಿದ್ದೆ. ಆದರೆ ಗೋಡೆ ತಿದ್ದಲು ಅವನಿಂದ ಆಗುವುದಿಲ್ಲವಂತೆ. ವಾರ್ಡೆಲ್ ಪಾಲುದಾರ, ಬಣ್ಣ ಒಣಗಿದೆ. ಲೀಗಿಗೆ ಬರೆಯೋಣವೆಂದರೆ ಆ ಲೀಗೇ ಇಲ್ಲ, ಕಚೇರಿ ಮುಚ್ಚಿ ಕಡತಗಳು ಎಲ್ಲಿವೆಯೋ ಯಾರಿಗೂ ತಿಳಿಯದು. ನಮ್ಮ ತಂಡವನ್ನು ಕೊಂದವರು ನನ್ನ ಸುಳ್ಳನ್ನು ಮಾತ್ರ ಭದ್ರ ಮಾಡಿ ಹೋದರು. ಉಳಿದದ್ದು ನನ್ನ ಪುಸ್ತಕ ಒಂದೇ. ಅದನ್ನು ಚೀಲದಲ್ಲಿಟ್ಟುಕೊಂಡು ಅಟ್ಲಾಂಟಾಕ್ಕೆ ಬಸ್ಸು ಹತ್ತಿದೆ.

ರೂಬೆನ್ ಬಸ್ಸುಗಳು ನಿಲ್ಲುವ ಬಯಲಲ್ಲಿ ಸಿಕ್ಕ. ಮಧ್ಯಾಹ್ನದ ಪಾಳಿಗೆ ಇನ್ನೂ ಒಂದು ತಾಸಿತ್ತು. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಎಲ್ಲ ಹೇಳಿದೆ. ಟೇಟ್ ಹೇಳಿದ್ದು, ನಿನ್ನ ಮಗನ ಕಾಗದ, ಬ್ಲೇಡು. ಯಾವುದನ್ನೂ ಸಣ್ಣದು ಮಾಡಲಿಲ್ಲ. ಪುಸ್ತಕ ತೆಗೆದು ಅವನ ಮುಂದೆಯೇ ಆ ಗುರುತಿನ ಪಕ್ಕದಲ್ಲಿ ಹಿಟ್ ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದೆ. ಅವನು ಅದನ್ನು ನೋಡಲೇ ಇಲ್ಲ.

ಬಾಲು ಹೇಗೆ ಬಂತು ಎಂದು ಕೇಳಿದ.

ನಾನು ಹೇಳಿದೆ, ಗೆರೆಗುಂಟ ಬಂದು ಅಂಚಿಗೆ ಬಡಿದು ಎದ್ದಿತು ಎಂದು. ಅವನು ಕೆಳಗಿಳಿದು ಬಸ್ಸುಗಳ ನಡುವೆ ಮೊಣಕಾಲು ಬಗ್ಗಿಸಿ ನಿಂತ. ಎಲ್ಲಿ ಬಡಿಯಿತು, ತೋರಿಸಿ ಅಂದ. ನಾನೂ ಇಳಿದು ಊರುಗೋಲಿನಿಂದ ನೆಲದ ಮೇಲೆ ಮುಟ್ಟಿದೆ. ಆ ಭಾರದ ದೇಹವನ್ನು ಬಲಕ್ಕೆ ಚೆಲ್ಲಿ ಕೈ ಚಾಚಿದ, ಅರ್ಧದಲ್ಲಿ ತಡೆದುಕೊಂಡ. ಎರಡು ಸಲ ಹಾಗೆ ಮಾಡಿದ.

“ಯಾರಿಗೂ ಸಿಗ್ತಿರಲಿಲ್ಲ?”

“ಯಾರಿಗೂ ಸಿಗ್ತಿರಲಿಲ್ಲ.”

“ಹಂಗಾದ್ರ ನನ್ನ ಕೈ ಚೊಲೋ ಇತ್ತು.” ಕೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. ಇಷ್ಟು ದಿನ ನಾನು ಎಷ್ಟೋ ಜನರನ್ನು ನೋಡಿದ ನೋಟ ಅದು, ನನ್ನ ಮೇಲೆ ಬಿದ್ದದ್ದು ಅದೇ ಮೊದಲು. “ಟೇಟ್ ಎಂಥಾವ ಅಂತ ನಮಗೆಲ್ಲಾ ಗೊತ್ತಿತ್ತು. ನಾ ನಂಬಿದ್ದು ನಿಮ್ಮನ್ನ” ಅಂದ. ಮಕ್ಕಳು ಕಾಯುತ್ತಾರೆ ಎಂದು ಬಸ್ಸು ಹತ್ತಿದ. ನಾನು ಒಳಗೆ ಬಿಟ್ಟಿದ್ದ ಪುಸ್ತಕ ತೆಗೆದುಕೊಂಡು ಇಳಿಯುವವರೆಗೆ ನಿಲ್ಲಿಸಿದ್ದ, ಬಾಗಿಲು ಹಾಕಿಕೊಂಡು ಹೋದ. ಕೈ ಕೊಡಲಿಲ್ಲ. ಅದು ಸರಿಯೇ.

ಚರಿತ್ರೆಯ ಅರವತ್ತು ಪುಟ ಈಗ ಅರವತ್ತಮೂರಾಗಿದೆ. ಧೀರಜ್ ಅಷ್ಟನ್ನೂ, ಬೂದಿ ಗುಡ್ಡೆಯ ತಂಡವನ್ನೂ, ಕೆರೆದ ಪುಟದ ಫೋಟೋವನ್ನೂ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಹಾಕುತ್ತಾನಂತೆ, ತನ್ನ ಕಂಪನಿಯ ಹೆಸರಿಲ್ಲದೆ. ಗೋಡೆ ಗೋಡೆಯಾಗಿಯೇ ಇರುತ್ತದೆ.

ಇನ್ನೊಂದು ವಿಷಯ, ಇದಕ್ಕೆ ನಿನ್ನ ಉತ್ತರ ಬೇಕು. ಶಶಿಕಾಂತ ಮೊನ್ನೆ ಫೋನ್ ಮಾಡಿದ್ದ. ಮಾಮಾ, ಆ ಮನುಷ್ಯನ ಅಡ್ರೆಸ್ ಕೊಡು, ಅಟ್ಲಾಂಟಾಕ್ಕೆ ಹೋಗಬೇಕು ಅಂದ. ಹೋಗಿ ಏನು ಹೇಳುತ್ತೀ ಎಂದು ಕೇಳಿದೆ. ಗೊತ್ತಿಲ್ಲ ಅಂದ. ನಿನ್ನ ಮಗನ ಬಾಯಿಂದ ಆ ಮಾತು ಕೇಳಿದ್ದು ನನಗೆ ನೆನಪಿಲ್ಲ. ಕೊಡಲು ಮನಸ್ಸಾಯಿತು, ಕೊಡಲಿಲ್ಲ. ರೂಬೆನ್‌ಗೆ ನಾನೊಬ್ಬ ಹೋಗಿ ಬಂದದ್ದೇ ಸಾಕಷ್ಟಾಗಿರಬಹುದು. ಶಶಿ ಹೋಗುವುದು ಆ ರೂಬೆನ್‌ಗಾಗಿಯೋ, ತನ್ನ ಸಮಾಧಾನಕ್ಕಾಗಿಯೋ, ಹೆತ್ತವಳು ನೀನು, ಮುಖ ನೋಡಿದರೆ ನಿನಗೆ ತಿಳಿಯುತ್ತದೆ. ನಾನು ಇನ್ನು ಮೇಲೆ ಯಾರ ಪರವಾಗಿಯೂ ತೀರ್ಪು ಕೊಡುವವನಲ್ಲ.

ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇದೇ ಲಕೋಟೆಯಲ್ಲಿಟ್ಟಿದ್ದೇನೆ. ಕೊಡುವುದಾದರೆ ಕೊಡು, ಇಲ್ಲವಾದರೆ ಹರಿದುಹಾಕು. ಏನು ಮಾಡಿದೆಯೆಂದು ಮಾತ್ರ ತಡಮಾಡದೆ ಈ ವಾರವೇ ಬರೆ.

ಗುರುಶಾಂತಪ್ಪ